‘ಇಷ್ಟ’ ಅಂದ್ರೆ ಲೈಕೋ, ಲವ್ವೋ? ಒಂದು ಅನಿಮೆ, ಎರಡು ಡಬ್ಬಿಂಗ್ ಮತ್ತು ಸದ್ದಿಲ್ಲದೆ ಮಾಯವಾಗುವ ಆವೃತ್ತಿಗಳು

2019ರ ಜೂನ್ 21ರಂದು ನೆಟ್‌ಫ್ಲಿಕ್ಸ್ ಒಂದು ಹಳೇ ಜಪಾನಿ ಕಾರ್ಟೂನ್ ಸರಣಿಯನ್ನು ಜಗತ್ತಿನಾದ್ಯಂತ ಬಿಡುಗಡೆ ಮಾಡಿತು. ಇಪ್ಪತ್ತು ವರ್ಷಗಳಿಂದ ಅದನ್ನು ಆರಾಧಿಸುತ್ತಾ ಬಂದವರಿಗೆ ಅದು ಹಬ್ಬದ ದಿನ ಆಗಬೇಕಿತ್ತು. ಆದರೆ ಎರಡೇ ದಿನದಲ್ಲಿ ಇಂಟರ್ನೆಟ್ಟಿನ ತುಂಬಾ ಜಗಳ. ಜಗಳದ ಮೂಲ ಒಂದೇ ಒಂದು ಇಂಗ್ಲಿಷ್ ಪದ. ಹಳೇ ಡಬ್ಬಿಂಗ್‌ನಲ್ಲಿ ಒಬ್ಬ ಹುಡುಗ ಇನ್ನೊಬ್ಬ ಹುಡುಗನಿಗೆ ‘ಲವ್’ ಅಂದಿದ್ದ. ಹೊಸದರಲ್ಲಿ ಅವನು ‘ಲೈಕ್’ ಅಂದ.

ಸರಣಿಯ ಹೆಸರು ‘ನಿಯಾನ್ ಜೆನೆಸಿಸ್ ಇವ್ಯಾಂಗೆಲಿಯನ್’. ಅನಿಮೆ ನೋಡುವವರಿಗೆ ಪರಿಚಯ ಬೇಕಿಲ್ಲ. ನೋಡದವರು ‘ಒಂದು ಕಾರ್ಟೂನಿನ ಒಂದು ಪದಕ್ಕೆ ಇಷ್ಟೆಲ್ಲಾ ರಾದ್ಧಾಂತವಾ’ ಅಂತ ಕೇಳಬಹುದು. ಈ ಲೇಖನ ಮುಖ್ಯವಾಗಿ ಅವರಿಗಾಗಿ. ಯಾಕಂದ್ರೆ ಇದು ಅನುವಾದದ ರಾಜಕಾರಣದ ಕಥೆ: ಒಂದು ಕೃತಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರೊಳಗೆ ಏನಿರಬೇಕು, ಏನಿರಬಾರದು ಅಂತ ಯಾರು ತೀರ್ಮಾನ ಮಾಡಿರ್ತಾರೆ? ಆ ತೀರ್ಮಾನ ಬದಲಾದಾಗ ಹಳೇದು ಎಲ್ಲಿಗೆ ಹೋಗುತ್ತೆ? ಡಬ್ಬಿಂಗ್ ಬೇಕೋ ಬೇಡವೋ ಅಂತ ಐವತ್ತು ವರ್ಷ ಜಗಳವಾಡಿದ ಕನ್ನಡಿಗರಿಗೆ ಈ ಪ್ರಶ್ನೆಗಳು ದೂರದವಲ್ಲ.

(ಕಥೆಯ ಕೆಲವು ತಿರುವುಗಳು ಮುಂದೆ ಬರುತ್ತವೆ. ಇನ್ನೂ ನೋಡಿಲ್ಲದವರು ಎಚ್ಚರ.)

ಮೊದಲು ಕಥೆ ಏನು ಅಂತ

1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಟಿವಿ ಟೋಕಿಯೋದಲ್ಲಿ ಪ್ರಸಾರವಾದ 26 ಕಂತುಗಳ ಸರಣಿ ಇದು. ನಿರ್ದೇಶಕ ಹಿದೆಯಾಕಿ ಆನ್ನೊ, ತಯಾರಿಸಿದ ಸ್ಟುಡಿಯೋ ಗೈನಾಕ್ಸ್. ಮೇಲ್ನೋಟಕ್ಕೆ ಇದು ದೈತ್ಯ ರೋಬೋಟುಗಳ ಕಥೆ. ‘ಏಂಜಲ್’ ಅನ್ನೋ ವಿಚಿತ್ರ ಜೀವಿಗಳು ನಗರದ ಮೇಲೆ ದಾಳಿ ಮಾಡ್ತವೆ, ಹದಿನಾಲ್ಕು ವರ್ಷದ ಮಕ್ಕಳು ‘ಇವಾ’ ಅನ್ನೋ ಯಂತ್ರದೊಳಗೆ ಕೂತು ಹೋರಾಡ್ತಾರೆ.

ಒಳಗಿನ ಕಥೆಯೇ ಬೇರೆ. ಶಿಂಜಿ ಅನ್ನೋ ಹುಡುಗನನ್ನು ಅವನ ಅಪ್ಪ ಗೆಂಡೋ ಚಿಕ್ಕವನಿದ್ದಾಗಲೇ ಬಿಟ್ಟುಹೋಗಿದ್ದಾನೆ. ವರ್ಷಗಳ ನಂತರ ಕರೆಸಿಕೊಳ್ಳೋದು ಮಗ ಅಂತ ಅಲ್ಲ, ಯಂತ್ರ ಓಡಿಸೋಕೆ ಜನ ಬೇಕು ಅಂತ. ಶಿಂಜಿಗೆ ಬೇಕಾಗಿರೋದು ಯಾರಾದರೂ ಒಬ್ಬರು ‘ನೀನು ಬೇಕು’ ಅಂತ ಹೇಳೋದು. ಸರಣಿ ಮುಂದುವರಿದ ಹಾಗೆ ರೋಬೋಟುಗಳು ಹಿಂದೆ ಸರಿದು ಖಿನ್ನತೆ, ಒಂಟಿತನ, ತನ್ನನ್ನೇ ದ್ವೇಷಿಸಿಕೊಳ್ಳುವ ಮನಸ್ಸು ಮುಂದೆ ಬರ್ತವೆ. ಕೊನೆಯ ಎರಡು ಕಂತುಗಳಲ್ಲಂತೂ ಯುದ್ಧವೇ ಇಲ್ಲ, ಒಬ್ಬ ಹುಡುಗನ ತಲೆಯೊಳಗಿನ ವಿಚಾರಣೆ ಮಾತ್ರ. ಆ ಮುಕ್ತಾಯದ ಬಗ್ಗೆ ಜಪಾನಿನಲ್ಲಿ ದೊಡ್ಡ ಗದ್ದಲವಾಗಿ, 1997ರ ಜುಲೈನಲ್ಲಿ ‘ದಿ ಎಂಡ್ ಆಫ್ ಇವ್ಯಾಂಗೆಲಿಯನ್’ ಅನ್ನೋ ಸಿನಿಮಾ ಬಂತು.

24ನೇ ಕಂತಿನಲ್ಲಿ ಕವೊರು ಅನ್ನೋ ಹುಡುಗ ಬರ್ತಾನೆ. ಇಡೀ ಸರಣಿಯಲ್ಲಿ ಶಿಂಜಿಗೆ ಯಾವ ಷರತ್ತೂ ಇಲ್ಲದೆ ಪ್ರೀತಿಯ ಮಾತಾಡೋನು ಅವನೊಬ್ಬನೇ. ಜಗಳ ನಡೆದದ್ದು ಆ ಮಾತಿನ ಬಗ್ಗೆಯೇ.

ಒಂದೇ ಸರಣಿ, ಎಷ್ಟು ಆವೃತ್ತಿ?

‘ಮೂಲ’ ಇವ್ಯಾಂಗೆಲಿಯನ್ ಯಾವುದು ಅಂತ ಕೇಳಿದರೆ ಉತ್ತರ ಸುಲಭ ಇಲ್ಲ. ಟಿವಿಯಲ್ಲಿ ಬಂದದ್ದೇ ಮೂಲವಾ? ಹಾಗಂದ್ರೆ ಜಪಾನಿನಲ್ಲಿ ಹೋಮ್ ವಿಡಿಯೋಗೆ ಬಂದಾಗ 21ರಿಂದ 24ರವರೆಗಿನ ಕಂತುಗಳಿಗೆ ಹೊಸ ದೃಶ್ಯ ಸೇರಿಸಿ, ಕೆಲವನ್ನು ತಿದ್ದಿದ್ದರು. ಇವತ್ತು ಹೆಚ್ಚಿನವರು ನೋಡ್ತಿರೋದು ಆ ತಿದ್ದಿದ ರೂಪವನ್ನೇ.

ಅಮೆರಿಕದಲ್ಲಿ 1996ರಿಂದ ಇದನ್ನು ತಂದದ್ದು ಹ್ಯೂಸ್ಟನ್‌ನ ಎಡಿವಿ ಫಿಲ್ಮ್ಸ್. ಒಂದು ವಿಎಚ್‌ಎಸ್ ಕ್ಯಾಸೆಟ್ಟಿಗೆ ಎರಡು ಕಂತು, ಒಟ್ಟು 13 ಕ್ಯಾಸೆಟ್ಟು. ಸ್ಪೈಕ್ ಸ್ಪೆನ್ಸರ್, ಅಮಾಂಡಾ ವಿನ್ ಲೀ, ಟಿಫನಿ ಗ್ರಾಂಟ್, ಆಲಿಸನ್ ಕೀತ್ ಇವರ ಕಂಠದಾನದ ಆ ಇಂಗ್ಲಿಷ್ ಡಬ್ಬಿಂಗೇ ಒಂದು ತಲೆಮಾರಿಗೆ ‘ಇವಾ’ ಆಯ್ತು. ಸಿನಿಮಾಗಳ ಹಕ್ಕು ಮಾತ್ರ ಬೇರೆ ಕಂಪನಿಗೆ, ಮಾಂಗಾ ಎಂಟರ್‌ಟೈನ್‌ಮೆಂಟ್‌ಗೆ ಹೋಯಿತು. ಅಂದ್ರೆ ಕಥೆಯ ಮುಕ್ಕಾಲು ಭಾಗ ಒಬ್ಬರ ಹತ್ತಿರ, ಮುಕ್ತಾಯ ಇನ್ನೊಬ್ಬರ ಹತ್ತಿರ.

2003ರಲ್ಲಿ ಜಪಾನಿನಲ್ಲಿ ‘ರಿನ್ಯೂವಲ್’ ಅನ್ನೋ ಹೆಸರಲ್ಲಿ ಚಿತ್ರವನ್ನೂ ಧ್ವನಿಯನ್ನೂ ತಿದ್ದಿ ಹೊಸ ಡಿವಿಡಿ ತಂದರು. ಅದನ್ನು ಆಧರಿಸಿ ಎಡಿವಿ 2004ರಿಂದ ‘ಪ್ಲಾಟಿನಂ’ ಆವೃತ್ತಿ ಬಿಟ್ಟಿತು. 2009ರಲ್ಲಿ ಎಡಿವಿ ಬಾಗಿಲು ಮುಚ್ಚಿತು. ಡಿವಿಡಿಗಳ ಮುದ್ರಣ ನಿಂತಿತು. ಅಷ್ಟರಲ್ಲಿ ಆನ್ನೊ ಗೈನಾಕ್ಸ್ ಬಿಟ್ಟು ಖಾರಾ ಅನ್ನೋ ತಮ್ಮದೇ ಸ್ಟುಡಿಯೋ ಕಟ್ಟಿದ್ದರು, ಹಕ್ಕುಗಳೂ ಮುಂದೆ ಅಲ್ಲಿಗೇ ಸೇರಿದವು. 2015ರಲ್ಲಿ ಜಪಾನಿನಲ್ಲಿ ಬ್ಲೂ-ರೇ ಬಂತು. ಹೊರದೇಶದ ಇಂಗ್ಲಿಷ್ ನೋಡುಗರಿಗೆ ಮಾತ್ರ ಸುಮಾರು ಹತ್ತು ವರ್ಷ ಇದನ್ನು ಕಾನೂನುಬದ್ಧವಾಗಿ ನೋಡೋ ದಾರಿ ಹೆಚ್ಚುಕಮ್ಮಿ ಇರಲೇ ಇಲ್ಲ.

ನನ್ನ ತಲೆಮಾರಿನ ಬಹಳಷ್ಟು ಜನ ಇದನ್ನು ನೋಡಿದ್ದು ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಎಂಜಿನಿಯರಿಂಗ್ ಹಾಸ್ಟೆಲ್ಲಿನ ಲ್ಯಾನ್, ಯಾರದ್ದೋ ಹಾರ್ಡ್ ಡಿಸ್ಕು, ಅದರೊಳಗೆ ‘ಇವಾ ಫುಲ್’ ಅನ್ನೋ ಫೋಲ್ಡರು. ಒಂದು ಕಂತಿಗೆ ಜಪಾನಿ ಧ್ವನಿ, ಇನ್ನೊಂದಕ್ಕೆ ಇಂಗ್ಲಿಷ್, ಮತ್ತೊಂದಕ್ಕೆ ಸಬ್‌ಟೈಟಲ್ಲೇ ಇಲ್ಲ. ಒಂದೇ ಮಾತು ಎರಡು ಕಡೆ ಎರಡು ಥರ ಇರೋದನ್ನು ನೋಡಿಯೇ ನನಗೆ ಅನುವಾದ ಅನ್ನೋದು ಯಾರೋ ಕೂತು ಮಾಡುವ ಆಯ್ಕೆ ಅಂತ ಮೊದಲು ಹೊಳೆದದ್ದು.

2019ರಲ್ಲಿ ನೆಟ್‌ಫ್ಲಿಕ್ಸ್ ಬಂದಾಗ ಹಳೇ ಡಬ್ಬಿಂಗ್ ಇರಲಿಲ್ಲ. ಖಾರಾದ ಅನುವಾದಕ ಡ್ಯಾನ್ ಕಾನೆಮಿಟ್ಸು ಅವರ ಹೊಸ ಅನುವಾದ, ಕೇಸಿ ಮೊಂಜಿಲ್ಲೊ ಮತ್ತಿತರರ ಹೊಸ ಕಂಠ. 2021ರ ಕೊನೆಗೆ ಅಮೆರಿಕದ ಜಿಕಿಡ್ಸ್ ಸಂಸ್ಥೆ ಬ್ಲೂ-ರೇ ತಂದಾಗ ಸಾಮಾನ್ಯ ಆವೃತ್ತಿಯಲ್ಲಿ ಹೊಸ ಡಬ್ಬಿಂಗ್ ಮಾತ್ರ. ಹಳೇದು ಬೇಕು ಅಂದ್ರೆ ದುಬಾರಿ ‘ಅಲ್ಟಿಮೇಟ್’ ಪೆಟ್ಟಿಗೆಯನ್ನೇ ಕೊಳ್ಳಬೇಕಿತ್ತು. ಒಂದು ತಲೆಮಾರಿನ ನೆನಪು ಈಗ ಪ್ರೀಮಿಯಂ ಸರಕು.

ಚಿತ್ರ: ಹಳೇದೇ ಯಾಕೆ ಹೆಚ್ಚು ಸ್ಪಷ್ಟ?

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್. 1995ರ ಅನಿಮೆಯನ್ನು ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲಿ ಬಣ್ಣ ಹಚ್ಚಿ, ಒಂದೊಂದೇ ಚೌಕಟ್ಟನ್ನು ಫಿಲ್ಮ್ ಕ್ಯಾಮೆರಾದಲ್ಲಿ ಹಿಡೀತಿದ್ದರು. ಅಂದಿನ ಟಿವಿ ತೋರಿಸ್ತಿದ್ದದ್ದು ಸುಮಾರು 480 ಗೆರೆಗಳಷ್ಟು ವಿವರ ಮಾತ್ರ. ಫಿಲ್ಮಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ. ಹಾಗಾಗಿ ಫಿಲ್ಮನ್ನು ಮತ್ತೆ ಸ್ಕ್ಯಾನ್ ಮಾಡಿದರೆ ನಿಜವಾದ ಎಚ್‌ಡಿ ಸಿಗುತ್ತೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲೇ ಬಣ್ಣ ಹಚ್ಚಿ, ಅಂದಿನ ಟಿವಿ ಅಳತೆಗೇ ತಯಾರಿಸಿದ ಎಷ್ಟೋ ಸರಣಿಗಳಿಗೆ ಈ ಭಾಗ್ಯ ಇಲ್ಲ. ಅವುಗಳಲ್ಲಿ ಇರೋದೇ ಅಷ್ಟು, ಹಿಗ್ಗಿಸಬಹುದು ಅಷ್ಟೆ.

ಹೀಗಾಗಿ ಚಿತ್ರದ ವಿಷಯದಲ್ಲಿ ಹೊಸ ಬ್ಲೂ-ರೇ ಮುಂದೆ ಹಳೇ ಡಿವಿಡಿ ನಿಲ್ಲೋದಿಲ್ಲ. ಆದರೆ ಸ್ಟ್ರೀಮಿಂಗ್ ಬೇರೆ ಮಾತು. ಡಿಸ್ಕಿಗೆ ಹೋಲಿಸಿದರೆ ಸ್ಟ್ರೀಮಿಂಗ್‌ನಲ್ಲಿ ಸೆಕೆಂಡಿಗೆ ಬರುವ ಡೇಟಾ ಕಮ್ಮಿ. ಬದಲಾಗದ ಭಾಗವನ್ನು ಹಿಂಡಿ ಉಳಿಸೋದು ಕಂಪ್ರೆಷನ್ನಿನ ಗುಣ. ಆದರೆ ಇವ್ಯಾಂಗೆಲಿಯನ್ ಏನೂ ಬದಲಾಗದ ಚಿತ್ರಗಳಿಗೇ ಹೆಸರುವಾಸಿ! 22ನೇ ಕಂತಿನಲ್ಲಿ ಆಸುಕಾ ಮತ್ತು ರೇ ಲಿಫ್ಟಿನಲ್ಲಿ ಸುಮ್ಮನೆ ನಿಂತಿರ್ತಾರೆ, ಒಂದು ನಿಮಿಷದ ಹತ್ತಿರ ಹತ್ತಿರ, ಮಾತಿಲ್ಲ, ಚಲನೆಯಿಲ್ಲ. 24ನೇ ಕಂತಿನ ಕೊನೆಗೂ ಅಂಥದ್ದೇ ಒಂದು ದೀರ್ಘ ನಿಶ್ಚಲ ಚಿತ್ರ. ಆಗ ಪರದೆಯ ಮೇಲೆ ಜೀವಂತ ಇರೋದು ಫಿಲ್ಮಿನ ಸಣ್ಣ ಕಣಗಳ ಕದಲಿಕೆ ಮಾತ್ರ. ಅದನ್ನೂ ಹಿಂಡಿಬಿಟ್ಟರೆ ಕಾಲ ನಿಂತುಹೋದ ಭಾವ ಬರೋ ಬದಲು ವೈ-ಫೈ ಹೋಯ್ತಾ ಅನ್ನೋ ಅನುಮಾನ ಬರುತ್ತೆ.

ಇನ್ನೊಂದು ಸಂಗತಿ. ಮೂಲದ ಅಳತೆ 4:3, ಹಳೇ ಟಿವಿಯ ಚೌಕ. ಅಕ್ಕಪಕ್ಕ ಕಪ್ಪು ಪಟ್ಟಿ ಬರುತ್ತೆ, ಬರಲಿ. ಅದನ್ನು ತುಂಬಿಸೋಕೆ ಅಂತ ಟಿವಿಯ ‘ಜೂಮ್’ ಒತ್ತಿದರೆ ಆನ್ನೊ ಅಂಚಿನಲ್ಲಿಟ್ಟ ಮುಖಗಳೆಲ್ಲಾ ಕತ್ತರಿಸಿಹೋಗ್ತವೆ.

ಧ್ವನಿ: ಶಿಂಜಿ ಯಾವ ದನಿಯಲ್ಲಿ ಅಳಬೇಕು?

ಜಪಾನಿ ಮೂಲದಲ್ಲಿ ಶಿಂಜಿಗೆ ದನಿ ಕೊಟ್ಟದ್ದು ಮೆಗುಮಿ ಒಗಾತಾ ಎಂಬ ಕಲಾವಿದೆ. ದನಿ ಒಡೆಯದ ಹುಡುಗನ ತೆಳು ಕಂಠ, ಅದರಲ್ಲೇ ಬೆಚ್ಚಿಬೀಳಿಸುವ ಕಿರುಚಾಟ. ಎಡಿವಿಯ ಸ್ಪೈಕ್ ಸ್ಪೆನ್ಸರ್ ಅವರದ್ದು ಗಂಡುಹುಡುಗನ ಕಂಠ, ಸ್ವಲ್ಪ ಗೊಣಗಾಟ, ಸ್ವಲ್ಪ ಸಿಡುಕು. ಹೊಸ ಡಬ್ಬಿನ ಕೇಸಿ ಮೊಂಜಿಲ್ಲೊ ಒಗಾತಾರ ದನಿಗೆ ಹತ್ತಿರ.

ನಿಖರತೆ ನೋಡಿದರೆ ಹೊಸದೇ ಮುಂದು. ಹಳೇ ಡಬ್ಬಿಂಗ್‌ನ ಮೊದಲ ಕಂತುಗಳಲ್ಲಿ ಕಲಾವಿದರು ಇನ್ನೂ ಪಾತ್ರ ಹುಡುಕ್ತಿರೋದು ಕೇಳಿಸುತ್ತೆ. ಮಾತುಗಳನ್ನು ಅಮೆರಿಕನ್ ಕಿವಿಗೆ ಸರಿಯಾಗಿ ಬಗ್ಗಿಸಿದ್ದಾರೆ. ಆದರೆ ಹದಿನೈದನೇ ಕಂತು ದಾಟಿದ ಮೇಲೆ ಅದೇ ತಂಡ ಪಾತ್ರಗಳ ಜೊತೆಗೇ ಕುಸಿಯುತ್ತಾ ಹೋಗುತ್ತೆ. ಟಿಫನಿ ಗ್ರಾಂಟ್ ಅವರ ಆಸುಕಾಳ ಕೋಪದ ಕೆಳಗೆ ಭಯ ಇದೆ ಅಂತ ಕೇಳುಗನಿಗೆ ಗೊತ್ತಾಗುತ್ತೆ. ಹೊಸ ಡಬ್ಬಿಂಗ್‌ನಲ್ಲಿ ಪದಗಳು ಶುದ್ಧ, ಆದರೆ ಎಷ್ಟೋ ಕಡೆ ವಾಕ್ಯಗಳು ಕಾಗದದ ಮೇಲಿನ ವಾಕ್ಯಗಳ ಹಾಗೆ ಬಿಗಿಯಾಗಿವೆ. ಹದಿನಾಲ್ಕರ ಮಕ್ಕಳು ಹಾಗೆ ಮಾತಾಡೋದಿಲ್ಲ. ನನ್ನ ಪಟ್ಟು ಇಷ್ಟು: ಏನು ಹೇಳಿದರು ಅಂತ ತಿಳಿಯೋಕೆ ಹೊಸದು, ಹೇಗೆ ಹೇಳಿದರು ಅಂತ ಅನುಭವಿಸೋಕೆ ಹಳೇದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗಷ್ಟೇ ಈ ಮಾತು ಒಪ್ಪೋಕೆ ಅಥವಾ ತಳ್ಳಿಹಾಕೋಕೆ ಸಾಧ್ಯ. ಸಮಸ್ಯೆ ಇರೋದೇ ಅಲ್ಲಿ.

ಈಗ ಆ ಒಂದು ಪದ

24ನೇ ಕಂತಿನಲ್ಲಿ ಕವೊರು ಶಿಂಜಿಗೆ ಹೇಳೋದು ಎರಡು ಹಂತದ ಮಾತು. ಮೊದಲು, ನೀನು ‘ಕೊಯಿ’ಗೆ ಯೋಗ್ಯ ಅಂತಾನೆ. ಅದು ಸ್ವಲ್ಪ ಗ್ರಾಂಥಿಕ ಪದ. ಒಲವು, ಸದ್ಭಾವನೆ ಅನ್ನಬಹುದು. ಶಿಂಜಿಗೆ ಅರ್ಥವಾಗದಾಗ ಕವೊರು ಸರಳವಾಗಿ ಬಿಡಿಸಿ ಹೇಳ್ತಾನೆ: ‘ಸುಕಿ’ ಅಂತ.

ಹಳೇ ಡಬ್ಬು ಅದನ್ನು ‘ಲವ್’ ಅಂದಿತು. ಹೊಸ ಅನುವಾದ ‘ಲೈಕ್’ ಅಂದಿತು. ‘ಕೊಯಿ’ ಇದ್ದ ಜಾಗಕ್ಕೆ ‘ಗ್ರೇಸ್’ ಬಂತು. ‘ನೀನು ನನ್ನ ಕೃಪೆಗೆ ಪಾತ್ರ’ ಅಂದ ಹಾಗೆ, ಹುಡುಗ ಮಾತಾಡ್ತಿದ್ದಾನೋ ಮಠಾಧೀಶರು ಮಾತಾಡ್ತಿದ್ದಾರೋ ಗೊತ್ತಾಗಲ್ಲ. ಕಂತಿನ ಕೊನೆಗೆ, ಕವೊರುವನ್ನು ಕಳೆದುಕೊಂಡ ಶಿಂಜಿ ತನಗೆ ಹಾಗೆ ಹೇಳಿದವನು ಅವನೊಬ್ಬನೇ ಅಂತ ನೆನೆಯುವಾಗಲೂ ಅದೇ ‘ಲೈಕ್’.

ಕಾನೆಮಿಟ್ಸು ಅವರ ನಿಲುವಿನ ಸಾರಾಂಶ ಇದು: ಪಾತ್ರ ಬಾಯಿಬಿಟ್ಟು ಪ್ರೇಮ ನಿವೇದನೆ ಮಾಡೋದು ಒಂದು, ನೋಡುಗ ಅದನ್ನು ಊಹಿಸಿಕೊಳ್ಳುವಂತೆ ಬಿಡೋದು ಇನ್ನೊಂದು, ಮೂಲದಲ್ಲಿರುವ ಅಸ್ಪಷ್ಟತೆ ಉಳಿಯಬೇಕು. ತರ್ಕ ಸರಿಯಾಗೇ ಇದೆ. ‘ಸುಕಿ’ ಅನ್ನೋದನ್ನು ಊಟಕ್ಕೂ ಹೇಳಬಹುದು, ಪ್ರೇಮಿಗೂ ಹೇಳಬಹುದು.

ಆದರೆ ಜನ ಕೆರಳಿದ್ದಕ್ಕೆ ಕಾರಣ ಇತ್ತು. ಇಂಗ್ಲಿಷ್ ಡಬ್ಬಿಂಗ್‌ಗೆ ಈ ವಿಷಯದಲ್ಲಿ ಹಳೇ ಚರಿತ್ರೆ ಇದೆ. ‘ಸೈಲರ್ ಮೂನ್’ನಲ್ಲಿ ಸೈಲರ್ ಯುರೇನಸ್ ಮತ್ತು ಸೈಲರ್ ನೆಪ್ಚೂನ್ ಪ್ರೇಮಿಗಳು, ಇಬ್ಬರೂ ಹೆಣ್ಣುಮಕ್ಕಳು. 2000ದಲ್ಲಿ ಬಂದ ಇಂಗ್ಲಿಷ್ ಡಬ್ಬಿಂಗ್ ಅವರನ್ನು ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಥರ ‘ಕಸಿನ್ಸ್’ ಮಾಡಿಬಿಟ್ಟಿತು. ಕೈ ಕೈ ಹಿಡಿದು ಓಡಾಡುವ ಚಿತ್ರಗಳು ಹಾಗೇ ಇದ್ದವು, ಮಾತು ಮಾತ್ರ ಬದಲು. ಮುಂದೆ ವಿಜ್ ಮೀಡಿಯಾ ಹೊಸದಾಗಿ ಡಬ್ ಮಾಡಿದಾಗಷ್ಟೇ ಅದು ಸರಿಹೋಯಿತು. ಇಂಥ ಹಿನ್ನೆಲೆ ಇರುವಾಗ ‘ಲವ್’ ಹೋಗಿ ‘ಲೈಕ್’ ಬಂದರೆ, ತಮ್ಮನ್ನು ಪರದೆಯ ಮೇಲೆ ಅಪರೂಪಕ್ಕೆ ಕಂಡಿದ್ದ ಕ್ವಿಯರ್ ನೋಡುಗರಿಗೆ ‘ಮತ್ತೆ ಅಳಿಸಿದರು’ ಅನ್ನಿಸೋದು ಸಹಜ.

ನನ್ನ ಪ್ರಕಾರ ಭಾಷೆಯ ಲೆಕ್ಕದಲ್ಲೂ ‘ಲೈಕ್’ ಸೋಲುತ್ತೆ. ಇಂಗ್ಲಿಷಿನಲ್ಲಿ ಇಬ್ಬಗೆಯ ಪದ ಇಲ್ಲ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ‘ಲವ್’ ಅಂದರೆ ಅರ್ಥ ಮೇಲಕ್ಕೆ ಗಟ್ಟಿಯಾಗುತ್ತೆ, ‘ಲೈಕ್’ ಅಂದರೆ ಕೆಳಕ್ಕೆ. ಅಸ್ಪಷ್ಟತೆ ಎರಡರಲ್ಲೂ ಉಳಿಯಲ್ಲ. ಉಳಿಯದೇ ಇದ್ದಾಗ ದೃಶ್ಯ ಯಾವ ಕಡೆ ವಾಲುತ್ತೆ ಅಂತ ನೋಡಬೇಕು. ಇಡೀ ಜೀವನ ಈ ಮಾತಿಗಾಗಿ ಕಾದ ಹುಡುಗ, ಅದನ್ನು ಕೇಳಿ ಕೆಂಪೇರುವ ಅವನ ಮುಖ, ಮುಂದಿನ ದುರಂತದ ಭಾರ, ಎಲ್ಲವೂ ‘ಲವ್’ ಕಡೆ ತೂಗ್ತವೆ.

ಈಗ ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ.

‘ನಂಗೆ ನೀನಂದ್ರೆ ಇಷ್ಟ.’

ಮುಗೀತು! ಮಸಾಲೆ ದೋಸೆಗೂ ಅದೇ ಪದ, ಗೆಳೆಯನಿಗೂ ಅದೇ, ಕಾಲೇಜು ಮೆಟ್ಟಿಲ ಮೇಲೆ ಬೆವರುತ್ತಾ ನಿಂತು ಹೇಳೋ ಮಾತಿಗೂ ಅದೇ. ಕೇಳಿಸಿಕೊಂಡವರು ರಾತ್ರಿಯೆಲ್ಲಾ ‘ಯಾವ ಇಷ್ಟ?’ ಅಂತ ತಲೆ ಕೆಡಿಸಿಕೊಳ್ಳಬಹುದು. ಕಾನೆಮಿಟ್ಸು ಬೇಕು ಅಂದ ಅಸ್ಪಷ್ಟತೆ, ನೋಡುಗರು ಬೇಕು ಅಂದ ಪ್ರೇಮ ಎರಡೂ ಆ ಒಂದು ಪದದಲ್ಲಿ ಕೂರ್ತವೆ. ಎರಡು ದಶಕದ ಎರಡು ಇಂಗ್ಲಿಷ್ ಡಬ್ಬಿಂಗ್‌ಗಳಿಗೆ ಆಗದ್ದು ಕನ್ನಡಕ್ಕೆ ಸಲೀಸು.

ಇದು ಕನ್ನಡದ ಹೆಮ್ಮೆಗೆ ಹೇಳ್ತಿರೋ ಮಾತಲ್ಲ. ಇಂಗ್ಲಿಷ್ ಮೂಲಕ ಬಂದರೆ ಏನು ಕಳೆದುಹೋಗುತ್ತೆ ಅನ್ನೋದಕ್ಕೆ ಇದೊಂದು ಅಳತೆಗೋಲು. ಇದೇ ಇಂಗ್ಲಿಷ್ ಸ್ಕ್ರಿಪ್ಟನ್ನು ಮುಂದಿಟ್ಟುಕೊಂಡು ನಾಳೆ ಯಾರಾದರೂ ಕನ್ನಡಕ್ಕೆ ತಂದರೆ, ಅವರ ಮುಂದೆ ಇರೋದು ‘ಸುಕಿ’ ಅಲ್ಲ. ‘ಲವ್’ ಇದ್ದರೆ ‘ಪ್ರೀತಿಸ್ತೀನಿ’ ಅಂತ ಬರೀತಾರೆ. ‘ಗ್ರೇಸ್’ ಇದ್ದರೆ ‘ಕೃಪೆ’ ಅಂತಲೇ ಬರೀತಾರೆ.

ಹಾಡು ಎಲ್ಲಿ ಹೋಯ್ತು?

ಜಪಾನಿ ಮೂಲದಲ್ಲಿ ಪ್ರತಿ ಕಂತಿನ ಕೊನೆಗೆ ‘ಫ್ಲೈ ಮಿ ಟು ದ ಮೂನ್’ ಬರ್ತಿತ್ತು. ಅದು 1954ರಲ್ಲಿ ಬಾರ್ಟ್ ಹೊವರ್ಡ್ ಬರೆದ ಅಮೆರಿಕನ್ ಹಾಡು. ಇವ್ಯಾಂಗೆಲಿಯನ್ ಅದನ್ನು ಬೇರೆ ಬೇರೆ ಕಂಠ, ಬೇರೆ ಬೇರೆ ವಾದ್ಯಗಳಲ್ಲಿ ಮತ್ತೆ ಮತ್ತೆ ಬಳಸಿತ್ತು. ಲೋಕವೇ ಕುಸಿದ ಕಂತಿನ ನಂತರ ಹಾಯಾದ ಆ ಹಾಡು ಬಂದಾಗ ಆಗ್ತಿದ್ದ ವಿಚಿತ್ರ ತಳಮಳವೇ ಸರಣಿಯ ಒಂದು ಭಾಗ.

ಜಪಾನ್ ಬಿಟ್ಟರೆ ನೆಟ್‌ಫ್ಲಿಕ್ಸಿನಲ್ಲಿ ಅದು ಇರಲಿಲ್ಲ, ಬದಲಿಗೆ ಸರಣಿಯದ್ದೇ ಒಂದು ಪಿಯಾನೋ ತುಣುಕು. ಜಿಕಿಡ್ಸ್ ಬ್ಲೂ-ರೇಯಲ್ಲೂ ಇಲ್ಲ. ಸರಣಿಯ ಹಕ್ಕು ಬೇರೆ, ಅದರೊಳಗಿನ ಹಾಡಿನ ಹಕ್ಕು ಬೇರೆ. ಪ್ರತಿ ದೇಶಕ್ಕೆ, ಪ್ರತಿ ಮಾಧ್ಯಮಕ್ಕೆ ಹೊಸ ಒಪ್ಪಂದ, ಹೊಸ ಹಣ. ಅದೇ 24ನೇ ಕಂತಿನ ಕೊನೆಯಲ್ಲಿ ಕೇಳಿಸುವ ಬೀಥೋವನ್‌ನ ಒಂಬತ್ತನೇ ಸಿಂಫನಿ ಎಲ್ಲ ಕಡೆ ಹಾಗೇ ಉಳಿದಿದೆ ನೋಡಿ. 1824ರ ಆ ಸ್ವರಗಳಿಗೆ ಈಗ ಯಾರ ಹಕ್ಕೂ ಇಲ್ಲ. ಒಂದು ಕೃತಿಯಲ್ಲಿ ಏನು ಉಳಿಯುತ್ತೆ ಅನ್ನೋದನ್ನು ಕಲೆಗಿಂತ ಕಾಪಿರೈಟು ತೀರ್ಮಾನಿಸೋದು ಇಷ್ಟು ಸ್ಪಷ್ಟವಾಗಿ ಕಾಣೋದು ಕಮ್ಮಿ.

ಹಳೇ ಎಡಿವಿ ಡಿವಿಡಿಯಲ್ಲಿ ಹಾಡು ಇದೆ. ಆ ಡಿಸ್ಕನ್ನು ಕಂಪನಿ ಬಂದು ನಿಮ್ಮ ಕಪಾಟಿನಿಂದ ತೆಗೆದುಕೊಂಡು ಹೋಗೋಕೆ ಆಗಲ್ಲ. ಡಿಸ್ಕಿಗೂ ಸ್ಟ್ರೀಮಿಂಗಿಗೂ ಇರೋ ಮುಖ್ಯ ವ್ಯತ್ಯಾಸ ಇದು. ಸ್ಟ್ರೀಮಿಂಗ್‌ನಲ್ಲಿ ಇವತ್ತು ಇದ್ದ ಆವೃತ್ತಿ ನಾಳೆ ಇಲ್ಲ ಅಂದ್ರೆ, ಅದು ಇತ್ತು ಅನ್ನೋದಕ್ಕೂ ಪುರಾವೆ ಇರಲ್ಲ. ಪುಸ್ತಕದಲ್ಲಾದರೆ ‘ಎರಡನೇ ಮುದ್ರಣ, ಪರಿಷ್ಕೃತ’ ಅಂತ ಹಾಕ್ತಾರೆ. ಇಲ್ಲಿ ಅಂಥ ಶಿಸ್ತೇ ಇಲ್ಲ.

ನಮ್ಮ ಡಬ್ಬಿಂಗ್ ಜಗಳಕ್ಕೆ ಇದರಿಂದೇನು?

ಕನ್ನಡದಲ್ಲಿ 1960ರ ದಶಕದ ಚಳವಳಿಯ ನಂತರ ಸುಮಾರು ಐದು ದಶಕ ಡಬ್ಬಿಂಗ್‌ಗೆ ಅಘೋಷಿತ ನಿಷೇಧ ಇತ್ತು. ಮದ್ರಾಸಿನ ನೆರಳಿನಲ್ಲಿದ್ದ ಸಣ್ಣ ಚಿತ್ರರಂಗವನ್ನು ಉಳಿಸಿಕೊಳ್ಳುವ ಕಾಳಜಿ ಆವತ್ತಿಗೆ ನ್ಯಾಯವಾದದ್ದೇ. ಆದರೆ 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಹಲವು ಭಾಷೆಗಳಲ್ಲಿ ಟಿವಿಗೆ ಬಂದಾಗಲೂ ಕನ್ನಡಕ್ಕೆ ಬರೋಕೆ ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ, ಡಬ್ಬಿಂಗ್ ತಡೆಯೋದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಅಂತ ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನಿಂದ ‘ಸತ್ಯದೇವ್ ಐಪಿಎಸ್’ ಬಂತು. ಈಗ ದೊಡ್ಡ ತೆಲುಗು, ಹಿಂದಿ ಸಿನಿಮಾಗಳಿಗೆ ಕನ್ನಡ ಆವೃತ್ತಿ ಇರೋದು ಮಾಮೂಲು.

ಅನಿಮೆ ವಿಷಯದಲ್ಲಿ ನಾವು ಇನ್ನೂ ಬಾಗಿಲ ಹೊರಗೆ ಇದ್ದೇವೆ. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕಾಸಲ್’ ಭಾರತದ ಥಿಯೇಟರುಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್ ಜೊತೆ ಹಿಂದಿ, ತಮಿಳು, ತೆಲುಗು ಇದ್ದವು. ಬೆಂಗಳೂರಿನ ಥಿಯೇಟರಿನಲ್ಲಿ ಕೂತ ಕನ್ನಡದ ಹುಡುಗ ಹುಡುಗಿಯರು ತಮ್ಮದಲ್ಲದ ಭಾಷೆಯಲ್ಲೇ ಅದನ್ನು ನೋಡಬೇಕಾಯ್ತು.

‘ಕನ್ನಡದಲ್ಲೂ ಕೊಡಿ’ ಅನ್ನೋ ಬೇಡಿಕೆ ನ್ಯಾಯವಾದದ್ದು, ನಾನೂ ಅದರ ಜೊತೆಗಿದ್ದೇನೆ. ಆದರೆ ‘ಬೇಕು-ಬೇಡ’ ಜಗಳ ಐವತ್ತು ವರ್ಷ ತಿಂದುಹಾಕಿದ್ದರಿಂದ ‘ಎಂಥ ಡಬ್ಬಿಂಗ್’ ಅನ್ನೋ ಪ್ರಶ್ನೆಯನ್ನು ನಾವು ಸರಿಯಾಗಿ ಕೇಳಿಯೇ ಇಲ್ಲ. ಈಗ ಬರೋ ಎಷ್ಟೋ ಕನ್ನಡ ಡಬ್ಬಿಂಗ್‌ಗಳ ಮಾತು ಜಾಹೀರಾತಿನ ಕನ್ನಡದ ಹಾಗಿರುತ್ತೆ. ಯಾವ ಊರಿನ ಮನುಷ್ಯರೂ ಹಾಗೆ ಮಾತಾಡಲ್ಲ. ಅದನ್ನು ಬರೆದವರ ಹೆಸರೂ ನಮಗೆ ಗೊತ್ತಿರಲ್ಲ. ಇವ್ಯಾಂಗೆಲಿಯನ್ ಜಗಳದಲ್ಲಿ ಕಾನೆಮಿಟ್ಸು ಹೆಸರು ಎಲ್ಲರಿಗೂ ಗೊತ್ತಿತ್ತು. ಬೈದವರೂ ಹೆಸರಿಟ್ಟು ಬೈದರು, ಅವರೂ ಉತ್ತರ ಕೊಟ್ಟರು. ಉತ್ತರದಾಯಿತ್ವ ಅಂದ್ರೆ ಅದೇ.

ಹಾಗಾಗಿ ಕೇಳಬೇಕಾದ್ದು ನಾಲ್ಕು. ಒಂದು, ಅನುವಾದಕರು ಮತ್ತು ಕಂಠದಾನ ಕಲಾವಿದರ ಹೆಸರು ಪರದೆಯ ಮೇಲೆ ಬರಲಿ. ಎರಡು, ಸಾಧ್ಯವಿದ್ದ ಕಡೆ ಮೂಲ ಭಾಷೆಯಿಂದಲೇ ಅನುವಾದ ಆಗಲಿ. ಅದು ಆಗದಿದ್ದರೆ ಜಪಾನಿ ಬಲ್ಲವರೊಬ್ಬರು ಸ್ಕ್ರಿಪ್ಟನ್ನು ಒಮ್ಮೆಯಾದರೂ ನೋಡಲಿ. ಮೂರು, ಡಬ್ಬಿಂಗ್‌ನಷ್ಟು ಖರ್ಚಿಲ್ಲದ ಕನ್ನಡ ಸಬ್‌ಟೈಟಲ್ ಮೊದಲು ಬರಲಿ. ನಾಲ್ಕು, ಹೊಸ ಡಬ್ಬಿಂಗ್ ತಂದಾಗ ಹಳೇದನ್ನು ಅಳಿಸದೆ ಇನ್ನೊಂದು ಆಡಿಯೋ ಟ್ರ್ಯಾಕಾಗಿ ಉಳಿಸಲಿ. ತಾಂತ್ರಿಕವಾಗಿ ಇದು ದೊಡ್ಡ ಕೆಲಸವೇ ಅಲ್ಲ. ಒಂದು ಧ್ವನಿ ಟ್ರ್ಯಾಕು ಚಿತ್ರದ ಮುಂದೆ ತೀರಾ ಸಣ್ಣ ಫೈಲು. ಅಡ್ಡ ಬರೋದು ಒಪ್ಪಂದಗಳು ಮತ್ತು ಮನಸ್ಸು.

ಹಾಗಾದ್ರೆ ಯಾವುದನ್ನು ನೋಡೋದು?

ಮೊದಲ ಸಲ ನೋಡುವವರು ಜಪಾನಿ ಧ್ವನಿ ಇಟ್ಟುಕೊಂಡು ಸಬ್‌ಟೈಟಲ್ ಜೊತೆ ನೋಡಿ. ಸ್ಟ್ರೀಮಿಂಗ್‌ನಲ್ಲಾದರೆ ‘ಮುಂದಿನ ಕಂತು’ ತಾನಾಗೇ ಶುರುವಾಗೋದನ್ನು ಆಫ್ ಮಾಡಿ. ಈ ಸರಣಿಗೆ ಕಂತುಗಳ ನಡುವಿನ ಮೌನ ಬೇಕು. 26ನೇ ಕಂತಿನ ನಂತರ ‘ದಿ ಎಂಡ್ ಆಫ್ ಇವ್ಯಾಂಗೆಲಿಯನ್’ ನೋಡಿ, ಒಂದನ್ನು ಬಿಟ್ಟು ಇನ್ನೊಂದನ್ನಲ್ಲ. ಹಳೇ ಡಬ್ಬಿಂಗ್ ಎಲ್ಲಾದರೂ ಸಿಕ್ಕರೆ 24ನೇ ಕಂತನ್ನು ಎರಡೂ ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಕೇಳಿ. ಅನುವಾದದ ಬಗ್ಗೆ ಯಾವ ಪಠ್ಯಪುಸ್ತಕ ಹೇಳೋದಕ್ಕಿಂತಲೂ ಹೆಚ್ಚು ಅದು ಹೇಳುತ್ತೆ.

ಮತ್ತೆ, ಒಂದಲ್ಲ ಒಂದು ದಿನ ಇದು ಕನ್ನಡಕ್ಕೆ ಬಂದರೆ ನಾವು ಜಗಳವಾಡೋಕೆ ವಿಷಯಗಳಿಗೆ ಬರ ಇಲ್ಲ. ‘ಇಷ್ಟ’ದ ಸಮಸ್ಯೆ ಬಗೆಹರಿಯಿತು ಅಂತಿಟ್ಟುಕೊಳ್ಳಿ. ಇಂಗ್ಲಿಷಿಗೆ ಇಲ್ಲದ ತಲೆನೋವೊಂದು ಕನ್ನಡಕ್ಕೆ ಕಾದಿದೆ. ಬಿಟ್ಟುಹೋದ ಅಪ್ಪನ ಎದುರು ವರ್ಷಗಳ ಮೇಲೆ ನಿಂತ ಶಿಂಜಿ ಅವನನ್ನು ‘ನೀನು’ ಅಂತಾನೋ, ‘ನೀವು’ ಅಂತಾನೋ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ‘ನೀನು’ ಅನ್ನೋದು ಸಲಿಗೆ, ‘ನೀವು’ ಅನ್ನೋದು ಗೌರವ. ಈ ಹುಡುಗನ ಬಾಯಲ್ಲಿ ‘ನೀವು’ ಬಂದರೆ ಅದು ಗೌರವವಲ್ಲ, ದೂರ. ಕಥೆ ಎಲ್ಲಾದರೂ ಒಂದು ಕಡೆ ಅವನು ‘ನೀವು’ ಬಿಟ್ಟು ‘ನೀನು’ ಅಂದರೆ, ಅಲ್ಲಿ ಏನೋ ಮುರಿದಿದೆ ಅಂತ ಕನ್ನಡದ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಆ ಜಾಗ ಯಾವುದು ಅಂತ ತೀರ್ಮಾನಿಸೋರು ಯಾರು ಅನ್ನೋದು, ಅವರ ಹೆಸರಿನ ಸಮೇತ, ನಮಗೆ ಗೊತ್ತಿರಬೇಕು.